ನರುಟೊ ನೇಜಿಗೆ ಕೊಟ್ಟ ಮಾತು: ಆನಿಮೆ ನಾಯಕರ ಗೆಲುವಿಗೆ ಅರ್ಹತೆ ಎಲ್ಲಿಂದ ಬರುತ್ತದೆ?

ಜಪಾನಿನ ನಿಂಜಾ ಆನಿಮೆ 'ನರುಟೊ'ದಲ್ಲಿ, ಕಿರಿಯ ನಿಂಜಾಗಳು ಮೇಲಿನ ದರ್ಜೆಗೆ ಏರಲು ಎದುರಿಸುವ ಚೂನಿನ್ ಪರೀಕ್ಷೆಯ ಅಂತಿಮ ಸುತ್ತಿನ ಮೊದಲ ಪಂದ್ಯ. ಹ್ಯೂಗಾ ನೇಜಿ ತನ್ನ ಎದುರಾಳಿಯ ದೇಹದಲ್ಲಿ ಚಕ್ರಶಕ್ತಿ ಹರಿಯುವ 64 ಬಿಂದುಗಳನ್ನು ಬೆರಳ ತುದಿಯಿಂದ ಹೊಡೆದು ಮುಚ್ಚಿದ್ದಾನೆ. ನರುಟೊ ಮಣ್ಣಿನಲ್ಲಿ ಬಿದ್ದಿದ್ದಾನೆ. ಗೆದ್ದಾಯಿತೆಂದು ತಿಳಿದ ನೇಜಿ ಹಣೆಯ ಪಟ್ಟಿಯನ್ನು ಬಿಚ್ಚಿ, ಅದರ ಕೆಳಗೆ ಬಚ್ಚಿಟ್ಟಿದ್ದ ಮುದ್ರೆಯನ್ನು ತೋರಿಸುತ್ತಾನೆ. ಹಣೆಬರಹ ಎಂಬ ಮಾತನ್ನು ನಾವು ಕನ್ನಡದಲ್ಲಿ ದಿನನಿತ್ಯ ಬಳಸುತ್ತೇವೆ. ನೇಜಿಯ ಪಾಲಿಗೆ ಅದು ನಿಜವಾಗಿಯೂ ಹಣೆಯ ಮೇಲೆ ಬರೆದದ್ದು. ಹ್ಯೂಗಾ ಮನೆತನದ ಕವಲು ಶಾಖೆಯಲ್ಲಿ ಹುಟ್ಟಿದ ಮಕ್ಕಳಿಗೆ ಎಳವೆಯಲ್ಲೇ ಹಾಕುವ ಆ ಮುದ್ರೆಯ ಮೂಲಕ ಮುಖ್ಯ ಶಾಖೆಯವರು ಅವರನ್ನು ನೋವಿನಿಂದ ಹೊರಳಾಡಿಸಬಹುದು, ಬೇಕೆಂದರೆ ಕೊಲ್ಲಲೂಬಹುದು. ಹೊತ್ತವನು ಸತ್ತಾಗ ಮಾತ್ರ ಅದು ಅಳಿಯುತ್ತದೆ. ಹುಟ್ಟಿದ ಗಳಿಗೆಯಲ್ಲೇ ಮನುಷ್ಯ ಏನಾಗಬೇಕೆಂಬುದು ತೀರ್ಮಾನವಾಗಿರುತ್ತದೆ, ಪ್ರಯತ್ನದಿಂದ ಅದನ್ನು ಬದಲಿಸಲಾಗದು ಎನ್ನುವುದು ನೇಜಿಯ ನಂಬಿಕೆ. ಅದೇ ಪಂದ್ಯದಲ್ಲಿ ನರುಟೊ ಅವನಿಗೆ ಒಂದು ಮಾತು ಕೊಡುತ್ತಾನೆ: ತಾನು ಹೊಕಾಗೆ, ಅಂದರೆ ಹಳ್ಳಿಯ ನಿಂಜಾಗಳ ಮುಖ್ಯಸ್ಥ, ಆದ ಮೇಲೆ ಹ್ಯೂಗಾ ಮನೆತನದ ಈ ಪದ್ಧತಿಯನ್ನೇ ಬದಲಿಸುತ್ತೇನೆ ಎಂದು.

ಆಮೇಲೆ ನರುಟೊ ಗೆಲ್ಲುತ್ತಾನೆ. ಸ್ಫೋಟದ ಹೊಂಡದಲ್ಲಿ ಬಿದ್ದಿರುವಂತೆ ಕಂಡದ್ದು ಅವನ ನೆರಳು ನಕಲು, ಅಂದರೆ ವಿದ್ಯೆಯಿಂದ ಸೃಷ್ಟಿಸಿದ ಅವನದೇ ಪ್ರತಿರೂಪ. ನಿಜವಾದ ನರುಟೊ ನೆಲದೊಳಗೆ ಸುರಂಗ ಕೊರೆದು ಬಂದು ನೇಜಿಯ ಗದ್ದಕ್ಕೆ ಗುದ್ದುತ್ತಾನೆ. ಅಕಾಡೆಮಿಯ ಪರೀಕ್ಷೆಯಲ್ಲಿ ಮೂರು ಸಲ ತನ್ನನ್ನು ನಪಾಸು ಮಾಡಿಸಿದ್ದು ಇದೇ ನಕಲು ವಿದ್ಯೆ, ಅದೇ ತನಗೆ ಎಲ್ಲಕ್ಕಿಂತ ಕಷ್ಟದ್ದಾಗಿತ್ತು ಎಂದು ಹೇಳಿ, ನೀನು ನನ್ನ ಹಾಗೆ ಹಿಂದೆ ಬಿದ್ದವನಲ್ಲವಲ್ಲ ಎಂದು ನೆನಪಿಸುತ್ತಾನೆ. ಮೊದಲ ಸಲ ನೋಡುವವರ ಕಣ್ಣು ಒದ್ದೆಯಾಗದೆ ಇರುವುದು ಕಷ್ಟ.

ಎರಡನೆಯ ಸಲ ನೋಡಿದಾಗ ಬೇರೆ ಸಂಗತಿಗಳು ಎದ್ದು ಕಾಣುತ್ತವೆ. 64 ಬಿಂದುಗಳ ಹೊಡೆತವನ್ನೂ, ಗಿರಗಿರನೆ ತಿರುಗಿ ದಾಳಿಯನ್ನು ಚೆದುರಿಸುವ ರಕ್ಷಣಾ ವಿದ್ಯೆಯನ್ನೂ ಹ್ಯೂಗಾ ಮನೆತನದಲ್ಲಿ ಮುಖ್ಯ ಶಾಖೆಯ ವಾರಸುದಾರರಿಗೆ ಮಾತ್ರ ಕಲಿಸುತ್ತಾರೆ. ಕವಲು ಶಾಖೆಯ ನೇಜಿಗೆ ಅದನ್ನು ಹೇಳಿಕೊಟ್ಟವರಿಲ್ಲ. ಅವನು ತಾನಾಗಿಯೇ ಸಾಧಿಸಿಕೊಂಡಿದ್ದಾನೆ. ಅತ್ತ ನರುಟೊ ಆ ಪಂದ್ಯಕ್ಕೆ ಮುನ್ನ ಒಂದು ತಿಂಗಳು ಜಿರಾಯನಂಥ ಮಹಾಗುರುವಿನ ಕೈಯಲ್ಲಿ ತರಬೇತಿ ಪಡೆದಿದ್ದಾನೆ. ಬಿಂದುಗಳೆಲ್ಲ ಮುಚ್ಚಿದ ಮೇಲೂ ಅವನು ಎದ್ದು ನಿಂತದ್ದು ಹುಟ್ಟಿದ ದಿನವೇ ಅವನೊಳಗೆ ಬಂಧಿಸಿಟ್ಟ ಒಂಬತ್ತು ಬಾಲದ ನರಿಯ ಶಕ್ತಿಯಿಂದ. ಹಾಗಾದರೆ ಆ ಕಣದಲ್ಲಿ ಸ್ವಂತ ದುಡಿಮೆಯಿಂದ ಮೇಲೆ ಬಂದವನು ಯಾರು, ಹುಟ್ಟಿನ ಆಸ್ತಿಯನ್ನು ಖರ್ಚು ಮಾಡಿ ಗೆದ್ದವನು ಯಾರು?

ಆನಿಮೆ ನೋಡುವವರ ನಡುವೆ ವರ್ಷಗಳಿಂದ ಕಾವು ಆರದೆ ನಡೆಯುತ್ತಿರುವ ಚರ್ಚೆ ಇದೇ. ಫ್ಯಾಂಟಸಿ ಆನಿಮೆಯ ನಾಯಕರು ತಮ್ಮ ಪ್ರತಿಸ್ಪರ್ಧಿಗಳನ್ನು ಹಿಂದಿಕ್ಕಿ ಪಡೆಯುವ ಯಶಸ್ಸಿಗೆ ಅರ್ಹರೇ, ಅಥವಾ ಲೇಖಕನ ಕೃಪೆಯಿಂದ ಮಾತ್ರ ಗೆಲ್ಲುತ್ತಾರೆಯೇ? ಚರ್ಚೆ ಬಿಸಿಯಾದಷ್ಟು ಸ್ಪಷ್ಟವಾಗದಿರುವುದಕ್ಕೆ ಕಾರಣ, ಅರ್ಹತೆ ಎಂಬ ಒಂದೇ ಪದದೊಳಗೆ ನಾವು ಬೇರೆ ಬೇರೆ ಪ್ರಶ್ನೆಗಳನ್ನು ತುಂಬಿರುವುದು. ಶಕ್ತಿ ಅವನಿಗೆ ಹೇಗೆ ದಕ್ಕಿತು ಎನ್ನುವುದು ಒಂದು ಪ್ರಶ್ನೆ. ಆ ನಿರ್ದಿಷ್ಟ ಕಾಳಗವನ್ನು ಅವನು ನ್ಯಾಯವಾಗಿ ಗೆದ್ದನೇ ಎನ್ನುವುದು ಇನ್ನೊಂದು. ಗೆಲುವಿನಿಂದ ಬಂದ ಸ್ಥಾನಮಾನಕ್ಕೆ ತಕ್ಕಂತೆ ಅವನು ಮುಂದೆ ನಡೆದುಕೊಂಡನೇ ಎನ್ನುವುದು ಮತ್ತೂ ಬೇರೆಯದು, ಮತ್ತು ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದದ್ದು.

ಶಕ್ತಿಯ ಮೂಲದಿಂದಲೇ ಅರ್ಹತೆಯನ್ನು ಅಳೆಯುವವರು ಸಾಮಾನ್ಯವಾಗಿ ಹುಟ್ಟನ್ನು ಒಂದು ತಟ್ಟೆಗೂ ಪರಿಶ್ರಮವನ್ನು ಇನ್ನೊಂದು ತಟ್ಟೆಗೂ ಹಾಕಿ ತೂಗುತ್ತಾರೆ. ಆದರೆ ಇವೆರಡನ್ನು ಹಾಗೆ ಬಿಡಿಸುವುದು ಸುಲಭವಲ್ಲವೆಂಬುದನ್ನು ಈ ಕಥೆಗಳೇ ತೋರಿಸುತ್ತವೆ. ಮುಂದೆ ನರುಟೊ ಅಂಗೈಯಲ್ಲಿ ಚಕ್ರಶಕ್ತಿಯನ್ನು ಸುತ್ತುವ ಗೋಳವಾಗಿಸುವ ತನ್ನ ರಾಸೆಂಗನ್ ವಿದ್ಯೆಗೆ ಗಾಳಿಯ ಗುಣವನ್ನು ಸೇರಿಸಲು ಕಲಿಯುವಾಗ, ಗುರು ಕಕಾಶಿ ಒಂದು ಉಪಾಯ ಹೇಳುತ್ತಾನೆ. ನೆರಳು ನಕಲುಗಳು ಕಲಿತದ್ದೆಲ್ಲವೂ ಅವು ಮಾಯವಾದಾಗ ಮೂಲ ದೇಹಕ್ಕೆ ಮರಳುತ್ತವೆ. ಆದ್ದರಿಂದ ನೂರಾರು ನಕಲುಗಳನ್ನು ಒಟ್ಟಿಗೆ ಅಭ್ಯಾಸಕ್ಕೆ ಹಚ್ಚಿದರೆ ವರ್ಷಗಳ ಸಾಧನೆ ಕೆಲವೇ ದಿನಗಳಲ್ಲಿ ಮುಗಿಯುತ್ತದೆ. ಈ ಉಪಾಯ ಬೇರೆ ಯಾರಿಗೂ ಒದಗದು, ಏಕೆಂದರೆ ಅಷ್ಟು ನಕಲುಗಳಿಗೆ ಬೇಕಾಗುವ ಚಕ್ರಶಕ್ತಿ ಅವರಲ್ಲಿಲ್ಲ. ಎಲೆಯೊಂದನ್ನು ಅಂಗೈಗಳ ನಡುವೆ ಹಿಡಿದು, ಚಕ್ರಶಕ್ತಿಯಿಂದಲೇ ಅದನ್ನು ಸೀಳಲು ಹೆಣಗುವ ನೂರಾರು ನರುಟೊಗಳು ಅಲ್ಲಿ ಬೆವರು ಸುರಿಸುತ್ತಾರೆ. ಆ ಬೆವರು ನಿಜವಾದದ್ದೇ, ಅದರಲ್ಲಿ ಮೋಸವಿಲ್ಲ. ಆದರೆ ಅಷ್ಟು ಬೆವರು ಸುರಿಸುವ ಸೌಲಭ್ಯ ಅವನಿಗೆ ಬಂದದ್ದು ತಾಯಿಯ ಉಜುಮಾಕಿ ಮನೆತನದ ರಕ್ತದಿಂದ ಮತ್ತು ತಂದೆ ಅವನ ಹೊಟ್ಟೆಯೊಳಗೆ ಬಂಧಿಸಿಟ್ಟ ನರಿಯಿಂದ.

ಅಮೆರಿಕದ ತತ್ವಜ್ಞಾನಿ ಜಾನ್ ರಾಲ್ಸ್ 1971ರಲ್ಲಿ ಮಂಡಿಸಿದ ವಾದವೊಂದು ಇಲ್ಲಿಗೆ ಚೆನ್ನಾಗಿ ಹೊಂದುತ್ತದೆ. ಹುಟ್ಟಿನಿಂದ ಬಂದ ಪ್ರತಿಭೆಗೆ ಯಾರೂ ಅರ್ಹರೂ ಅಲ್ಲ, ಅನರ್ಹರೂ ಅಲ್ಲ. ಅಷ್ಟೇ ಏಕೆ, ಪಟ್ಟು ಬಿಡದೆ ದುಡಿಯುವ ಸ್ವಭಾವ ಕೂಡ ಬೆಳೆದ ಮನೆ ಮತ್ತು ಸಂದರ್ಭಗಳನ್ನು ಬಹುಮಟ್ಟಿಗೆ ಅವಲಂಬಿಸಿರುತ್ತದೆ ಎಂದು ಅವರು ಹೇಳಿದರು. ಯೋಶಿಹಿರೊ ತೊಗಾಶಿಯವರ ಹಂಟರ್ ಎಕ್ಸ್ ಹಂಟರ್ ಈ ಸತ್ಯವನ್ನು ಮರೆಮಾಚುವ ಗೋಜಿಗೇ ಹೋಗುವುದಿಲ್ಲ. ಅಲ್ಲಿ ವಿಂಗ್ ಎಂಬ ಗುರು, ಹಗಲಿರುಳು ಅಭ್ಯಾಸ ಮಾಡುವ ತನ್ನ ಪುಟ್ಟ ಶಿಷ್ಯ ಜುಶಿಯನ್ನು ಲಕ್ಷಕ್ಕೊಬ್ಬ ಪ್ರತಿಭಾವಂತನೆಂದು ಗುರುತಿಸುತ್ತಾನೆ, ಮತ್ತು ಅದೇ ಉಸಿರಿನಲ್ಲಿ ಕಥೆಯ ನಾಯಕ ಗೊನ್ ಹಾಗೂ ಅವನ ಗೆಳೆಯ ಕಿಲುವಾ ಕೋಟಿಗೊಬ್ಬರೆಂದು ಒಪ್ಪಿಕೊಳ್ಳುತ್ತಾನೆ. ಲಕ್ಷಕ್ಕೊಬ್ಬನಾಗಿಯೂ ಹಿಂದುಳಿಯಬೇಕಾದ ಆ ಹುಡುಗನ ಮುಖ ಒಮ್ಮೆ ಮನಸ್ಸಿಗೆ ಬಂದರೆ, ನಾಯಕರ ಪರಿಶ್ರಮದ ಬಗ್ಗೆ ನಾವು ಆಡುವ ಮಾತುಗಳು ಸ್ವಲ್ಪ ಮೆತ್ತಗಾಗುತ್ತವೆ.

ಹೀಗಿರುವಾಗ, ಕೆಳಗಿನಿಂದ ಆರಂಭವಾದ ಕಥೆಗಳು ಕೊನೆಗೆ ರಕ್ತಸಂಬಂಧಕ್ಕೇ ಬಂದು ನಿಲ್ಲುವುದೇಕೆ? ಹಿಂದೆ ಬಿದ್ದವನೆಂದು ಪರಿಚಯವಾದ ನರುಟೊ ನಾಲ್ಕನೆಯ ಹೊಕಾಗೆಯ ಮಗನೆಂದು ತಿಳಿಯುತ್ತದೆ. ಕಥೆಯ ಕೊನೆಯ ಹೊತ್ತಿಗೆ ಅವನು ನಿಂಜಾ ವಿದ್ಯೆಯ ಮೂಲಪುರುಷನಾದ ಆರು ಪಥಗಳ ಋಷಿಯ ಕಿರಿಯ ಮಗ ಅಶುರನ ಪುನರ್ಜನ್ಮವೂ ಆಗುತ್ತಾನೆ, ಅವನ ಗೆಳೆಯನೂ ಪ್ರತಿಸ್ಪರ್ಧಿಯೂ ಆದ ಸಾಸುಕೆ ಹಿರಿಯ ಮಗ ಇಂದ್ರನ ಪುನರ್ಜನ್ಮ. ಬ್ಲೀಚ್ ಕಥೆಯ ಇಚಿಗೊ ಸಾಮಾನ್ಯ ಶಾಲಾ ಹುಡುಗನಾಗಿ ಬಂದು, ತಂದೆ ತಾಯಿ ಇಬ್ಬರ ಕಡೆಯಿಂದಲೂ ಅಸಾಮಾನ್ಯ ರಕ್ತ ಪಡೆದವನಾಗಿ ಹೊರಬೀಳುತ್ತಾನೆ. ಒನ್ ಪೀಸ್‌ನಲ್ಲಿ ಲುಫಿ ತಿಂದ ಸಾಧಾರಣ ರಬ್ಬರ್ ಹಣ್ಣು 2022ರಲ್ಲಿ ಬಂದ 1044ನೆಯ ಅಧ್ಯಾಯದಲ್ಲಿ ಸೂರ್ಯದೇವ ನಿಕಾನ ಹಣ್ಣಾಗಿ ಬದಲಾಗುತ್ತದೆ.

ಇದಕ್ಕೆ ಒಂದು ಕಾರಣ ಈ ಕಥೆಗಳನ್ನು ತಯಾರಿಸುವ ರೀತಿಯಲ್ಲಿದೆ. ಇವುಗಳಲ್ಲಿ ಹೆಚ್ಚಿನವು ಮೊದಲು ಮಾಂಗಾ, ಅಂದರೆ ಜಪಾನಿ ಚಿತ್ರಕಥೆಗಳಾಗಿ ಬಂದವು. 1968ರಲ್ಲಿ ಆರಂಭವಾದ ಮಾಂಗಾ ಪತ್ರಿಕೆ ಶೋನೆನ್ ಜಂಪ್ 1994ರ ಕೊನೆಯ ವೇಳೆಗೆ ಒಂದು ಸಂಚಿಕೆಯ 65 ಲಕ್ಷಕ್ಕೂ ಹೆಚ್ಚು ಪ್ರತಿಗಳನ್ನು ಮುದ್ರಿಸುವ ಮಟ್ಟಕ್ಕೆ ಬೆಳೆದಿತ್ತು. ಸ್ನೇಹ, ಪರಿಶ್ರಮ, ವಿಜಯ ಎಂಬ ಮೂರು ಪದಗಳು ಅದರ ಘೋಷವಾಕ್ಯವೆಂದೇ ಪ್ರಸಿದ್ಧ. ಓದುಗರು ತಮಗೆ ಹಿಡಿಸಿದ ಕಥೆಗಳನ್ನು ಅಂಚೆ ಕಾರ್ಡಿನಲ್ಲಿ ಬರೆದು ಕಳುಹಿಸುತ್ತಾರೆ. ಮತ ಕಡಿಮೆಯಾದ ಕಥೆ ಪತ್ರಿಕೆಯಿಂದ ಹೊರಬೀಳುತ್ತದೆ. ವಾರಕ್ಕೊಂದು ಅಧ್ಯಾಯದಂತೆ ವರ್ಷಗಟ್ಟಲೆ ಎಳೆಯಬೇಕಾದ ಕಥೆಯಲ್ಲಿ ಪ್ರತಿ ಹೊಸ ಶತ್ರು ಹಿಂದಿನವನಿಗಿಂತ ಬಲಶಾಲಿಯಾಗಿರಬೇಕು. ಮಾಸಾಶಿ ಕಿಶಿಮೊಟೊ ನರುಟೊವನ್ನು 1999ರಿಂದ 2014ರವರೆಗೆ 700 ಅಧ್ಯಾಯಗಳಲ್ಲಿ ಬರೆದರು. ಹಳ್ಳಿಯ ಪುಂಡ ಹುಡುಗನೊಬ್ಬನನ್ನು ದೇವತೆಯೊಬ್ಬಳ ಎದುರು ನಿಲ್ಲಿಸುವಷ್ಟರಲ್ಲಿ ತರಬೇತಿಯ ದೃಶ್ಯಗಳಿಗೆ ಪುಟ ಸಾಲುವುದಿಲ್ಲ. ಪರಿಶ್ರಮವನ್ನು ತೋರಿಸಲು ನೂರು ಪುಟ ಬೇಕು, ತಂದೆಯ ಹೆಸರನ್ನು ಹೇಳಲು ಒಂದು ಚೌಕ ಸಾಕು. ಲೇಖಕರ ಮೇಲಿರುವ ಈ ಒತ್ತಡವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ಅದರ ಬೆಲೆಯನ್ನು ತೆತ್ತವರು ಕಥೆಯೊಳಗಿನ ಪ್ರತಿಸ್ಪರ್ಧಿಗಳು.

ಇನ್ನೊಂದು ಕಾರಣ ಪತ್ರಿಕೆಗಿಂತ ಬಹಳ ಹಳೆಯದು. ದೊಡ್ಡ ಮನೆತನದಲ್ಲಿ ಹುಟ್ಟಿದವನು ದೂರದ ನೆಲದಲ್ಲಿ ಕಷ್ಟಪಟ್ಟು ಅಲೆಯುವ ಕಥಾಮಾದರಿಗೆ ಜಪಾನಿನ ಜಾನಪದ ವಿದ್ವಾಂಸ ಒರಿಗುಚಿ ಶಿನೊಬು 'ಕಿಶು ರ್ಯೂರಿತಾನ್' ಎಂಬ ಹೆಸರು ಕೊಟ್ಟಿದ್ದರು. ಆ ಮಾದರಿಯಲ್ಲಿ ಕೇಳುಗನಿಗೆ ದೊರೆಯುವ ತೃಪ್ತಿ, ಮರೆಯಾಗಿದ್ದ ದೊಡ್ಡತನ ಮತ್ತೆ ಬೆಳಕಿಗೆ ಬಂತು ಎಂಬುದು. ಪರಿಶ್ರಮದ ಕಥೆಯಲ್ಲಿ ದೊರೆಯುವ ತೃಪ್ತಿ, ಇಲ್ಲದ ದೊಡ್ಡತನವನ್ನು ಒಬ್ಬ ಕಟ್ಟಿಕೊಂಡ ಎಂಬುದು. ಇವೆರಡನ್ನೂ ಒಂದೇ ನಾಯಕನಲ್ಲಿ ತುಂಬಿದಾಗ ಒಂದು ಇನ್ನೊಂದನ್ನು ತಿನ್ನುತ್ತದೆ. ನರುಟೊವಿನಲ್ಲಿ ಆದದ್ದು ಅದೇ.

ಇಂದಿನ ಜಪಾನಿನ ಯುವಜನರಿಗೆ ಇದು ಬರಿಯ ಕಥೆಯ ಪ್ರಶ್ನೆಯಾಗಿ ಉಳಿದಿಲ್ಲ. 2021ರಲ್ಲಿ ಅಲ್ಲಿನ ವರ್ಷದ ಜನಪ್ರಿಯ ಪದಗಳ ಮೊದಲ ಹತ್ತರಲ್ಲಿ 'ಓಯಾ ಗಾಚಾ' ಎಂಬುದೂ ಇತ್ತು. ನಾಣ್ಯ ಹಾಕಿ ಹಿಡಿ ತಿರುಗಿಸಿದರೆ ಯಾವುದೋ ಒಂದು ಆಟಿಕೆಯ ಡಬ್ಬಿ ಉದುರುವ ಯಂತ್ರಕ್ಕೆ ಗಾಚಾ ಎನ್ನುತ್ತಾರೆ. ಮೊಬೈಲ್ ಆಟಗಳಲ್ಲಿ ಅದೃಷ್ಟದ ಮೇಲೆ ಪಾತ್ರಗಳನ್ನು ಎತ್ತುವುದಕ್ಕೂ ಅದೇ ಹೆಸರು. ಓಯಾ ಎಂದರೆ ಹೆತ್ತವರು. ಎಂಥ ತಂದೆತಾಯಿ ಸಿಗುತ್ತಾರೆ ಎನ್ನುವುದೂ ಅಂಥದೇ ಒಂದು ಎತ್ತುವಿಕೆ, ಉಳಿದ ಬದುಕೆಲ್ಲ ಅದರ ಮೇಲೆ ನಿಂತಿದೆ ಎಂಬ ಅಳಲು ಆ ಪದದಲ್ಲಿದೆ. ನೇಜಿ ಕಣದಲ್ಲಿ ನಿಂತು ಆಡಿದ ಮಾತನ್ನು ಎರಡು ದಶಕಗಳ ನಂತರ ಒಂದು ಪೀಳಿಗೆಯೇ ಆಡತೊಡಗಿತೆಂದು ನನಗೆ ಅನ್ನಿಸುತ್ತದೆ.

ಪ್ರತಿಸ್ಪರ್ಧಿಯ ಕಡೆಗೆ ಓದುಗನ ಮನಸ್ಸು ವಾಲುವುದು ಹೊಸದಲ್ಲ, ಕನ್ನಡದವರಿಗಂತೂ ಅಲ್ಲವೇ ಅಲ್ಲ. 941ರಲ್ಲಿ ಪಂಪ ಬರೆದ ಭಾರತಕ್ಕೆ ಅರ್ಜುನನೇ ನಾಯಕ, ಆಶ್ರಯ ಕೊಟ್ಟ ದೊರೆ ಅರಿಕೇಸರಿಯನ್ನು ಅವನೊಂದಿಗೆ ಸಮೀಕರಿಸಿಯೇ ಆ ಕಾವ್ಯ ನಡೆಯುತ್ತದೆ. ಹಾಗಿದ್ದೂ ಕರ್ಣನ ಕೊನೆಯ ಹೊತ್ತಿಗೆ ಬಂದಾಗ, ಭಾರತದಲ್ಲಿ ನೆನೆಯುವುದಾದರೆ ಕರ್ಣನನ್ನು ನೆನೆಯಿರಿ ಎಂದು ಕವಿಯೇ ಹೇಳುತ್ತಾನೆ. ನಾಯಕನ ಗೆಲುವನ್ನು ಕಥೆ ಬದಲಿಸಲಾರದು. ಆದರೆ ಸೋತವನ ಹಿರಿಮೆಯನ್ನು ದಾಖಲಿಸುವ ಹೊಣೆಯಿಂದ ಪಂಪ ತಪ್ಪಿಸಿಕೊಳ್ಳಲಿಲ್ಲ. ಪ್ರತಿಸ್ಪರ್ಧಿಗೆ ಸಲ್ಲಬೇಕಾದದ್ದನ್ನು ಕಥೆ ಸಲ್ಲಿಸಿತೇ ಎಂಬ ಅಳತೆಗೋಲು ನಮ್ಮ ಕೈಗೆ ಅಲ್ಲಿಂದಲೇ ಸಿಗುತ್ತದೆ.

ಆ ಅಳತೆಗೋಲನ್ನು ರಾಕ್ ಲೀಯ ಪಕ್ಕದಲ್ಲಿಟ್ಟು ನೋಡಬೇಕು. ನಿಂಜಾ ಮಾಂತ್ರಿಕ ವಿದ್ಯೆಗಳಲ್ಲಿ ಒಂದೂ ಒಲಿಯದ ಲೀ ಮೈಬಲದ ವಿದ್ಯೆಯೊಂದನ್ನೇ ನೆಚ್ಚಿಕೊಂಡವನು. ಮರಳನ್ನು ಆಡಿಸುವ ಎದುರಾಳಿ ಗಾರಾನ ಮುಂದೆ ಅವನು ಕಾಲಿಗೆ ಕಟ್ಟಿದ್ದ ಭಾರಗಳನ್ನು ಬಿಚ್ಚಿ ಕೈಬಿಟ್ಟಾಗ ಅವು ಬಿದ್ದ ಜಾಗದಲ್ಲಿ ನೆಲವೇ ಒಡೆದು ಧೂಳೇಳುತ್ತದೆ. ಅಷ್ಟು ಭಾರ ಹೊತ್ತು ಇವನು ದಿನವೂ ಓಡಾಡುತ್ತಿದ್ದನೇ ಎಂದು ನೋಡುಗರು ದಂಗಾಗುತ್ತಾರೆ. ದೇಹದ ಬಲವನ್ನು ತಡೆದಿಡುವ ಎಂಟು ಒಳದ್ವಾರಗಳಲ್ಲಿ ಐದನ್ನು ತೆರೆದು, ತನ್ನ ಸ್ನಾಯುಗಳೇ ಹರಿಯುವಂತೆ ಹೋರಾಡಿಯೂ ಅವನು ಸೋಲುತ್ತಾನೆ. ಗಾರಾನ ಮರಳು ಅವನ ಕೈ ಮತ್ತು ಕಾಲನ್ನು ಹಿಸುಕಿ ಪುಡಿಮಾಡುತ್ತದೆ. ಆ ಮೇಲೆಯೂ ಅವನು ಎದ್ದು ನಿಲ್ಲುತ್ತಾನೆ, ಪ್ರಜ್ಞೆಯಿಲ್ಲದೆಯೇ. ಪರಿಶ್ರಮ ಮಾತ್ರದಿಂದ ಎಷ್ಟು ದೂರ ಹೋಗಬಹುದು ಎನ್ನುವುದಕ್ಕೆ ಆ ಕಥೆ ಕೊಟ್ಟ ಪ್ರಾಮಾಣಿಕ ಉತ್ತರ ಅದು, ಮತ್ತು ಗಾರಾನಿಗೂ ಅವನ ರಕ್ಷಣೆಯ ಮರಳು ಹುಟ್ಟಿನಿಂದಲೇ ಬಂದದ್ದು ಎನ್ನುವುದನ್ನು ಮರೆಯುವಂತಿಲ್ಲ.

ಲೀಯ ಗುರು ಮೈಟೊ ಗೈಯ ಪ್ರಸಂಗ ಇನ್ನೂ ತೀಕ್ಷ್ಣವಾದದ್ದು. ಕೊನೆಯ ಮಹಾಯುದ್ಧದಲ್ಲಿ ಅವನು ಎಂಟನೆಯ ದ್ವಾರವನ್ನೂ ತೆರೆಯುತ್ತಾನೆ. ತೆರೆದವನು ಸಾಯುವುದು ಖಚಿತ. ಅವನ ತಂದೆ ಹಾಗೆಯೇ ಮಗನನ್ನು ಉಳಿಸಿ ಸತ್ತವನು. ಮೈಯ ರಕ್ತವೇ ಆವಿಯಾಗಿ ಹೊರಬರುತ್ತಿರುವ ಗೈ ಆ ಯುದ್ಧದ ಮಹಾಬಲಶಾಲಿ ಶತ್ರು ಮಾದಾರನಂಥವನನ್ನು ಸಾವಿನ ಅಂಚಿಗೆ ಒಯ್ಯುತ್ತಾನೆ, ಮೈಬಲದ ವಿದ್ಯೆಯಲ್ಲಿ ನಿನ್ನಂಥವನನ್ನು ಕಂಡಿಲ್ಲ ಎಂದು ಶತ್ರುವಿನಿಂದಲೇ ಹೇಳಿಸಿಕೊಳ್ಳುತ್ತಾನೆ. ಆದರೂ ಮಾದಾರ ಸಾಯುವುದಿಲ್ಲ. ಆ ಹೊತ್ತಿಗೆ ಸರಿಯಾಗಿ, ಋಷಿಯಿಂದ ಹೊಸ ಶಕ್ತಿಯನ್ನು ಆಗತಾನೆ ಪಡೆದ ನರುಟೊ ಬಂದು, ಗೈಯ ಎದೆಯ ಮೇಲೆ ಅಂಗೈ ಇಟ್ಟು ಅವನ ಜೀವವನ್ನು ಉಳಿಸುತ್ತಾನೆ. ಒಬ್ಬನ ಇಡೀ ಬದುಕಿನ ಸಾಧನೆ ಮುಟ್ಟಲಾಗದ ಎತ್ತರವನ್ನು ಇನ್ನೊಬ್ಬ ಒಂದು ಕನಸಿನಂಥ ಭೇಟಿಯಲ್ಲಿ ಪಡೆದು ಬರುತ್ತಾನೆ. ಆ ದೃಶ್ಯ ನೋಡುವಾಗ ನನಗೆ ನರುಟೊವಿನ ಮೇಲೆ ಸಿಟ್ಟು ಬರುವುದಿಲ್ಲ, ಏಕೆಂದರೆ ಅವನು ಆ ಶಕ್ತಿಯಿಂದ ಮಾಡಿದ ಮೊದಲ ಕೆಲಸಗಳಲ್ಲಿ ಒಂದು ಗೈಯನ್ನು ಬದುಕಿಸಿದ್ದು. ದಾನವಾಗಿ ಬಂದದ್ದನ್ನು ದುಡಿದವನ ಪ್ರಾಣಕ್ಕೆ ಖರ್ಚು ಮಾಡಿದ ಆ ಒಂದು ಗಳಿಗೆಯಲ್ಲಿ ಅವನು ಅರ್ಹನಾಗುತ್ತಾನೆ.

ಡ್ರ್ಯಾಗನ್ ಬಾಲ್‌ನಲ್ಲಿ ಲೆಕ್ಕ ಮೊದಲಿನಿಂದಲೂ ಸರಳವಾಗಿತ್ತು: ಗೊಕು ಕೆಳದರ್ಜೆಯ ಯೋಧನೆಂದು ವರ್ಗೀಕರಿಸಲ್ಪಟ್ಟವನು, ವೆಜಿಟಾ ರಾಜಕುಮಾರ, ಕೆಳಗಿನವನು ದುಡಿದು ಮೇಲಿನವನನ್ನು ಮೀರಿದ. ಬ್ಲ್ಯಾಕ್ ಕ್ಲೋವರ್ ಅದನ್ನೇ ಇನ್ನೂ ಜಾಣತನದಿಂದ ಹೆಣೆದಿದೆ. ಯೂಕಿ ತಬಾತ 2015ರಲ್ಲಿ ಆರಂಭಿಸಿದ ಈ ಕಥೆಯಲ್ಲಿ ಆಸ್ತಾ ಮತ್ತು ಯುನೊ ಇಬ್ಬರನ್ನೂ ಒಂದೇ ದಿನ ಹಳ್ಳಿಯೊಂದರ ಚರ್ಚಿನ ಬಾಗಿಲಲ್ಲಿ ಬಿಟ್ಟು ಹೋಗಿರುತ್ತಾರೆ. ಎಲ್ಲರಿಗೂ ಮಂತ್ರಶಕ್ತಿ ಇರುವ ಲೋಕದಲ್ಲಿ ಆಸ್ತಾನಿಗೆ ಅದರ ಲವಲೇಶವೂ ಇಲ್ಲ. ಯುನೊವಿಗೆ ದಂತಕಥೆಯ ನಾಲ್ಕೆಲೆಯ ಗ್ರಂಥ ತಾನಾಗಿ ಒಲಿಯುತ್ತದೆ. ಮುಂದೆ ಹುಟ್ಟಿನ ರಹಸ್ಯ ಬಯಲಾಗುವಾಗ ರಾಜಕುಮಾರನೆಂದು ತಿಳಿಯುವುದು ಯುನೊ, ನಾಯಕನಲ್ಲ. ಆಸ್ತಾನ ಕೈಗೆ ಬರುವ ಮಂತ್ರಭಂಜಕ ಖಡ್ಗವೂ ಉಡುಗೊರೆಯೇ, ಆದರೆ ಅದನ್ನು ಹಿಡಿಯಲು ಬೇಕಾದ ಅರ್ಹತೆ ಮಂತ್ರಶಕ್ತಿ ಇಲ್ಲದಿರುವುದು, ಮತ್ತು ಅದನ್ನು ಬೀಸಲು ಬೇಕಾದದ್ದು ಬಾಲ್ಯದಿಂದ ಅವನು ಕಟ್ಟಿಕೊಂಡ ಮೈಕಟ್ಟು. ಆ ಖಡ್ಗದ ತೂಕವನ್ನು ಕಥೆ ಮತ್ತೆ ಮತ್ತೆ ನಮಗೆ ನೆನಪಿಸುತ್ತದೆ. ಉಡುಗೊರೆ ಮತ್ತು ದುಡಿಮೆ ಇಲ್ಲಿ ಒಂದಕ್ಕೊಂದು ಕಚ್ಚಿಕೊಂಡಿವೆ. ಒಂದನ್ನು ತೆಗೆದರೆ ಇನ್ನೊಂದು ನಿಷ್ಪ್ರಯೋಜಕ. ಹೆಚ್ಚು ಅಬ್ಬರದ ಕಥೆಯೆಂದು ಇದನ್ನು ತಳ್ಳಿಹಾಕುವವರಿದ್ದಾರೆ, ಆದರೆ ಅರ್ಹತೆಯ ವಿಷಯದಲ್ಲಿ ನರುಟೊ ಎಡವಿದ ಜಾಗದಲ್ಲಿ ಇದು ಎಚ್ಚರದಿಂದ ಹೆಜ್ಜೆ ಇಟ್ಟಿದೆ.

ಇಸೆಕಾಯ್, ಅಂದರೆ ಬೇರೆ ಲೋಕಕ್ಕೆ ಹೋದವರ ಕಥೆಗಳ ಪ್ರಕಾರಕ್ಕೆ ಬಂದರೆ ಪ್ರಶ್ನೆಯ ಸ್ವರೂಪವೇ ಬದಲಾಗುತ್ತದೆ. 2004ರಲ್ಲಿ ಆರಂಭವಾದ 'ಶೋಸೆತ್ಸುಕಾ ನಿ ನಾರೋ' ಜಾಲತಾಣದಲ್ಲಿ ಯಾರು ಬೇಕಾದರೂ ಕಾದಂಬರಿ ಬರೆದು ಹಾಕಬಹುದು. ಸತ್ತು ಬೇರೊಂದು ಲೋಕದಲ್ಲಿ ಮರುಹುಟ್ಟು ಪಡೆದು, ಹೋಗುತ್ತಲೇ ಅಪಾರ ಶಕ್ತಿ ಪಡೆಯುವ ನಾಯಕರು ಅಲ್ಲಿಂದಲೇ ಅಲೆಯಾಗಿ ಹೊರಟರು. ಇಂಥ ಶಕ್ತಿಯನ್ನು ಜಪಾನಿನ ಓದುಗರೇ 'ಚೀಟ್' ಎಂದು ಕರೆಯುತ್ತಾರೆ, ವಿಡಿಯೊ ಗೇಮ್‌ನಲ್ಲಿ ನಿಯಮ ಮುರಿದು ಪಡೆಯುವ ಬಲದ ಹೆಸರು ಅದು. ಇವುಗಳಲ್ಲಿ ಬಹಳಷ್ಟರಲ್ಲಿ ಎದುರಾಳಿಗೆ ಬೆನ್ನೆಲುಬೇ ಇರುವುದಿಲ್ಲ. ನಾಯಕನಿಂದ ಅವಮಾನ ಅನುಭವಿಸಲೆಂದೇ ಬರುವ ಅಹಂಕಾರಿಯಾಗಿ ಅವನು ಬಂದು ಹೋಗುತ್ತಾನೆ. ಪ್ರತಿಸ್ಪರ್ಧಿಯನ್ನು ಇಷ್ಟು ಕೀಳಾಗಿ ಕಡೆದ ಕಥೆಯಲ್ಲಿ ನಾಯಕನ ಅರ್ಹತೆಯ ಪ್ರಶ್ನೆ ಹುಟ್ಟುವುದೇ ಇಲ್ಲ, ಏಕೆಂದರೆ ತೂಗಲು ಇನ್ನೊಂದು ತಟ್ಟೆಯಲ್ಲಿ ಏನೂ ಇಲ್ಲ.

ಅದೇ ಜಾಲತಾಣದಲ್ಲಿ 2012ರಲ್ಲಿ ತಪ್ಪೆಯ್ ನಗತ್ಸುಕಿ ಆರಂಭಿಸಿದ ರಿ:ಜೀರೊ ಇದಕ್ಕೆ ನೇರವಾಗಿ ಉತ್ತರ ಕೊಟ್ಟಿತು. ಬೇರೆ ಲೋಕಕ್ಕೆ ಬಂದ ಸುಬಾರು ತನ್ನನ್ನು ಸಿಂಹಾಸನದ ಅಭ್ಯರ್ಥಿ ಎಮಿಲಿಯಾಳ ನೈಟ್, ಅಂದರೆ ಅಂಗರಕ್ಷಕ ಯೋಧನೆಂದು ಅರಮನೆಯ ಸಭೆಯಲ್ಲಿ ತಾನೇ ಘೋಷಿಸಿಕೊಳ್ಳುತ್ತಾನೆ. ವರ್ಷಗಳ ತರಬೇತಿಯಿಂದ ಆ ಪದವಿಗೆ ಬಂದವರ ನಡುವೆ ನಿಂತು ಆ ಮಾತನ್ನು ಆಡುತ್ತಾನೆ. ಅವರಲ್ಲೊಬ್ಬನಾದ ಜೂಲಿಯಸ್ ಅವನನ್ನು ಅಭ್ಯಾಸದ ಅಂಗಳಕ್ಕೆ ಕರೆದು, ಮರದ ಕತ್ತಿಯಿಂದ ಎಲ್ಲರೆದುರು ಹೊಡೆದುರುಳಿಸುತ್ತಾನೆ. ಸುಬಾರು ಏಳುತ್ತಾನೆ, ಮತ್ತೆ ಬೀಳುತ್ತಾನೆ, ಮತ್ತೆ ಏಳುತ್ತಾನೆ. ಬೇರೆ ಯಾವ ಕಥೆಯಲ್ಲಾದರೂ ಹೀಗೆ ಏಳುವುದೇ ಗೆಲುವಿನ ಮುನ್ಸೂಚನೆ. ಇಲ್ಲಿ ಹಾಗಲ್ಲ, ನ್ಯಾಯ ಪೂರ್ತಿಯಾಗಿ ಪ್ರತಿಸ್ಪರ್ಧಿಯ ಕಡೆಗಿದೆ, ಅದು ಪ್ರೇಕ್ಷಕನಿಗೂ ಗೊತ್ತು, ಅದಕ್ಕೇ ಆ ದೃಶ್ಯ ನೋಡಲು ಅಷ್ಟು ಕಷ್ಟ. ಸುಬಾರುವಿಗೆ ದಕ್ಕಿರುವ ಒಂದೇ ವರ ಸತ್ತು ಹಿಂದಿನ ಗಳಿಗೆಗೆ ಮರಳುವುದು, ಅದಕ್ಕೆ ಪ್ರತಿ ಸಲವೂ ಸಾವಿನ ನೋವನ್ನು ಪೂರ್ತಿ ತೆರಬೇಕು. ಮುಂದೆ ಅವನು ಗೆಲ್ಲತೊಡಗುವುದು ಆ ಜೂಲಿಯಸ್‌ನಲ್ಲೇ ಕ್ಷಮೆ ಕೇಳಿ, ಅವನ ಜೊತೆ ನಿಂತು ಹೋರಾಡಿದಾಗ. ಶತ್ರುವಿನ ಅಗೋಚರ ಕೈಗಳನ್ನು ಕಾಣಬಲ್ಲ ಕಣ್ಣು ಸುಬಾರುವಿನದು, ಅವುಗಳನ್ನು ಮೀರಿ ಕತ್ತಿ ಬೀಸುವ ತೋಳು ಜೂಲಿಯಸ್‌ನದು. ತನ್ನದಲ್ಲದ ಸ್ಥಾನವನ್ನು ಬಾಯಿಮಾತಿನಿಂದ ಕಸಿಯಲು ಹೋಗಿ ಸೋತವನು, ಪ್ರತಿಸ್ಪರ್ಧಿಯ ಸಾಧನೆಗೆ ತಲೆಬಾಗಿದ ಮೇಲೆ ಅರ್ಹನಾಗುತ್ತಾನೆ.

ಕಟ್ಟುನಿಟ್ಟಾಗಿ ಫ್ಯಾಂಟಸಿ ಎನ್ನಲಾಗದಿದ್ದರೂ ಮೈ ಹೀರೋ ಅಕಾಡೆಮಿಯಾವನ್ನು ಇಲ್ಲಿ ಬಿಡುವಂತಿಲ್ಲ. ಕೊಹೆಯ್ ಹೊರಿಕೊಶಿ 2014ರಿಂದ 2024ರವರೆಗೆ 430 ಅಧ್ಯಾಯಗಳಲ್ಲಿ ಬರೆದ, ಕೊನೆಯ ಸೀಸನ್ 2025ರಲ್ಲಿ ತೆರೆಗೆ ಬಂದ ಈ ಕಥೆಯಲ್ಲಿ ಯಾವ ವಿಶೇಷ ಶಕ್ತಿಯೂ ಇಲ್ಲದೆ ಹುಟ್ಟಿದ ಮಿದೊರಿಯಾನಿಗೆ ಆ ಲೋಕದ ಅಗ್ರ ವೀರ ಆಲ್ ಮೈಟ್ ತನ್ನ ಶಕ್ತಿಯನ್ನೇ ಧಾರೆ ಎರೆಯುತ್ತಾನೆ. ಆದರೆ ಆ ಶಕ್ತಿಗೆ ತಕ್ಕವನೆಂದು ಆಲ್ ಮೈಟ್‌ನ ಹಳೆಯ ಸಹಾಯಕ ನೈಟ್‌ಐ ಆರಿಸಿಟ್ಟವನು ಬೇರೊಬ್ಬನಿದ್ದ, ಮಿರಿಯೊ ತೊಗಾತ. ವಸ್ತುಗಳನ್ನು ತೂರಿ ಹೋಗುವ ಮಿರಿಯೊವಿನ ಶಕ್ತಿ ಬಳಸಲು ಅತಿ ಕಷ್ಟದ್ದು. ದೇಹದ ಎಲ್ಲ ಭಾಗವೂ ತೂರಿಹೋಗುವಾಗ ಉಸಿರಾಡಲಾಗದು, ನೋಡಲಾಗದು, ಕೇಳಲಾಗದು. ಅದನ್ನು ಪಳಗಿಸಿ ಅವನು ಶಾಲೆಯ ಅಗ್ರಸ್ಥಾನಕ್ಕೆ ಬಂದಿದ್ದ. ಎರಿ ಎಂಬ ಪುಟ್ಟ ಹುಡುಗಿಯನ್ನು ಕಾಪಾಡಲು ಅವನು ಶಕ್ತಿನಾಶಕ ಗುಂಡಿಗೆ ಮೈಯೊಡ್ಡುತ್ತಾನೆ, ಶಕ್ತಿ ಹೋದ ಮೇಲೂ ಅವಳನ್ನು ಬಿಡದೆ ಹೋರಾಡುತ್ತಾನೆ. ಆಮೇಲೆ ಮಿದೊರಿಯಾ ಅವನನ್ನು ಕೇಳುತ್ತಾನೆ: ನನ್ನ ಶಕ್ತಿಯನ್ನು ನಿಮಗೆ ಕೊಡಬಹುದಾಗಿದ್ದರೆ? ಮಿರಿಯೊ ಬೇಡವೆನ್ನುತ್ತಾನೆ. ತನಗಿಂತ ತಕ್ಕವನೊಬ್ಬ ಇದ್ದಾನೆಂದು ತಿಳಿದು, ಹಿಂಜರಿಯದೆ ಹಿಂತಿರುಗಿಸಲು ಮುಂದಾದ ನಾಯಕ ಈ ಪ್ರಕಾರದಲ್ಲಿ ಅಪರೂಪ. ಕಥೆಯ ಕೊನೆಯಲ್ಲಿ ಮಿದೊರಿಯಾ ಆ ಶಕ್ತಿಯನ್ನು ನಿಜವಾಗಿಯೂ ಕಳೆದುಕೊಂಡು ಶಾಲೆಯಲ್ಲಿ ಅಧ್ಯಾಪಕನಾಗುತ್ತಾನೆ. ಆ ಮುಕ್ತಾಯವನ್ನು ಅನೇಕ ಓದುಗರು ನಾಯಕನಿಗೆ ಆದ ಅನ್ಯಾಯವೆಂದು ಭಾವಿಸಿದರು. ಎಂಟು ವರ್ಷಗಳ ಬಳಿಕ ಗೆಳೆಯರು ಹಣ ಕೂಡಿಸಿ ಮಾಡಿಸಿದ ಕವಚ ಅವನ ಕೈಸೇರುತ್ತದೆ. ಶಾಲೆಯಲ್ಲಿ ಅವನನ್ನು ಕೀಳಾಗಿ ಕಂಡ ಬಕುಗೊ ಕೂಡ ಅದಕ್ಕೆ ದುಡಿದವರಲ್ಲಿ ಒಬ್ಬ. ಪ್ರತಿಸ್ಪರ್ಧಿಯೇ ಮುಂದೆ ನಿಂತು ಕೊಡಿಸಿದ ಅರ್ಹತೆಗಿಂತ ಗಟ್ಟಿಯಾದ ಪುರಾವೆ ನಾಯಕನಿಗೆ ಬೇರೆ ಬೇಕಾಗದು.

ಫ್ರೀರೆನ್ ಆನಿಮೆಯಲ್ಲಿ ಬರುವ ಹಿಮ್ಮೆಲ್ ಈ ಇಡೀ ಚರ್ಚೆಯನ್ನು ತಲೆಕೆಳಗು ಮಾಡುತ್ತಾನೆ. ಜಗತ್ತನ್ನು ಕಾಪಾಡಲಿರುವ ನಿಜವಾದ ವೀರನೊಬ್ಬನೇ ಬಂಡೆಯಿಂದ ಕೀಳಬಲ್ಲನೆಂಬ ಕತ್ತಿಯೊಂದು ಒಂದು ಹಳ್ಳಿಯ ಗುಹೆಯಲ್ಲಿದೆ. ಹಿಮ್ಮೆಲ್ ಅದನ್ನು ಕಿತ್ತನೆಂದೇ ಲೋಕದ ಕಥೆ ಹೇಳುತ್ತದೆ. ಅವನು ಸತ್ತು ವರ್ಷಗಳಾದ ಮೇಲೆ ಅವನ ಹಳೆಯ ಸಹಪಯಣಿಗಳಾದ ಫ್ರೀರೆನ್ ತನ್ನ ಹೊಸ ಜೊತೆಗಾರರನ್ನು ಅಲ್ಲಿಗೆ ಕರೆತಂದಾಗ ಕತ್ತಿ ಇನ್ನೂ ಬಂಡೆಯಲ್ಲೇ ಇದೆ. ಅಂದು ಅವನ ಕೈಗೆ ಅದು ಬರಲಿಲ್ಲ. ಬಾರದಿದ್ದರೇನಂತೆ, ತಾನು ಅಸುರರಾಜನನ್ನು ಸೋಲಿಸಿಬಿಟ್ಟರೆ ಅಸಲಿ ವೀರ ಯಾರು ನಕಲಿ ಯಾರು ಎಂಬ ಪ್ರಶ್ನೆಯೇ ಉಳಿಯದು ಎಂದು ಹೇಳಿ ಹೊರಟವನು, ಹತ್ತು ವರ್ಷಗಳ ಪ್ರಯಾಣದಲ್ಲಿ ಹಾಗೆಯೇ ಮಾಡಿ ತೋರಿಸುತ್ತಾನೆ. ವಂಶ, ವರ, ಭವಿಷ್ಯವಾಣಿ, ಮೂರೂ ಕೈಕೊಟ್ಟ ನಾಯಕ ಅವನು. ಅವನ ಅರ್ಹತೆಗೆ ಸಾಕ್ಷಿಯಾಗಿ ನಿಲ್ಲುವುದು ಕೊಂದ ಅಸುರರಾಜನಿಗಿಂತ ಹೆಚ್ಚಾಗಿ ದಾರಿಯುದ್ದಕ್ಕೂ ಸಿಗುವ ಸಣ್ಣ ಹಳ್ಳಿಗಳ ಜನ. ಕಳೆದುಹೋದ ಸಾಮಾನನ್ನು ಹುಡುಕಿಕೊಟ್ಟದ್ದನ್ನೂ, ಸುಗ್ಗಿಯ ಕೆಲಸಕ್ಕೆ ಕೈಜೋಡಿಸಿದ್ದನ್ನೂ ಅವರು ದಶಕಗಳ ನಂತರವೂ ಹೇಳುತ್ತಾರೆ.

ಹಿಮ್ಮೆಲ್‌ನಿಂದ ಮತ್ತೆ ಆ ಮೊದಲ ಕಣಕ್ಕೆ ಮರಳಿದರೆ ನರುಟೊವಿನ ಬಗ್ಗೆ ನನ್ನ ತೀರ್ಮಾನ ಹೀಗೆ ನಿಲ್ಲುತ್ತದೆ. ನೇಜಿಯ ಮೇಲಿನ ಆ ಗೆಲುವು ಅವನದೇ. ನರಿಯ ಶಕ್ತಿ ಅವನನ್ನು ನೆಲದಿಂದ ಎಬ್ಬಿಸಿರಬಹುದು, ಆದರೆ ಹೊಂಡದಲ್ಲಿ ನಕಲನ್ನು ಮಲಗಿಸಿ ತಾನು ಸುರಂಗ ಕೊರೆದ ಉಪಾಯ ಯಾರ ರಕ್ತದಿಂದಲೂ ಬಂದದ್ದಲ್ಲ. ಅವನು ನಾಲ್ಕನೆಯ ಹೊಕಾಗೆಯ ಮಗನೆಂದು ಮುಂದೆ ತಿಳಿದದ್ದರಿಂದ ಆ ಗೆಲುವಿನ ಬೆಲೆ ಕುಗ್ಗುವುದಿಲ್ಲ. ಕುಗ್ಗಿಸುವುದು ಬೇರೊಂದು ಸಂಗತಿ. ನೇಜಿ ಯುದ್ಧಭೂಮಿಯಲ್ಲಿ, ಮುಖ್ಯ ಶಾಖೆಯ ಹಿನಾತಾಳನ್ನೂ ನರುಟೊವನ್ನೂ ಕಾಯಲು ಅಡ್ಡ ಬಂದು, ಬೆನ್ನಿಗೆ ನಾಟಿದ ಮರದ ಈಟಿಗಳಿಂದ ಸಾಯುತ್ತಾನೆ. ಅವನ ತಂದೆಯೂ ಮುಖ್ಯ ಶಾಖೆಗಾಗಿಯೇ ಪ್ರಾಣ ಕೊಟ್ಟವನು. ತಾನು ತನ್ನ ಇಚ್ಛೆಯಿಂದಲೇ ಹೀಗೆ ಸಾಯುತ್ತಿದ್ದೇನೆಂಬ ಅರಿವು ನೇಜಿಗಿದೆ, ಅದು ದೊಡ್ಡದು. ಆದರೆ ಹಣೆಯ ಮುದ್ರೆ ಅಳಿಯುವುದು ನೇಜಿ ಮೊದಲೇ ಹೇಳಿದ್ದ ರೀತಿಯಲ್ಲಿಯೇ. ಅದಾದ ಮೇಲೆ ಯುದ್ಧ ಮುಗಿಯುತ್ತದೆ, ವರ್ಷಗಳು ಉರುಳುತ್ತವೆ, ಕೊನೆಯ ಅಧ್ಯಾಯದಲ್ಲಿ ನರುಟೊ ಹೊಕಾಗೆಯ ಕುರ್ಚಿಯಲ್ಲಿ ಕುಳಿತಿದ್ದಾನೆ, ಹ್ಯೂಗಾ ಮುಖ್ಯ ಶಾಖೆಯ ಅಳಿಯನೂ ಆಗಿದ್ದಾನೆ. ಆ ಪದ್ಧತಿಯನ್ನು ಬದಲಿಸಲು ಅವನಿಗಿಂತ ಅನುಕೂಲವಾದ ಜಾಗದಲ್ಲಿ ಯಾರೂ ಇಲ್ಲ. ಕವಲು ಶಾಖೆಯ ಮಕ್ಕಳ ಹಣೆಗೆ ಈಗಲೂ ಮುದ್ರೆ ಬೀಳುತ್ತಿದೆಯೇ ಇಲ್ಲವೇ ಎಂಬುದನ್ನು ಮೂಲ ಮಾಂಗಾದ 700 ಅಧ್ಯಾಯಗಳಲ್ಲಿ ಎಲ್ಲಿಯೂ ತೋರಿಸಿಲ್ಲ.